ನಿಂಬರ್ಗಾದ ಗುರುವಾರ

ಕಲಬುರಗಿಯಿಂದ ಆಳಂದದ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವ ಆಸೆ ಇದ್ದರೆ ಜನವರಿಯಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಆ ಕಿಟಕಿಯಿಂದ ಗಾಳಿ ಬರುವುದಿಲ್ಲ, ಒಲೆಯ ಝಳ ಬರುತ್ತದೆ. ಜನವರಿಯ ಮುಂಜಾನೆ ಹಾಗಲ್ಲ. ರಸ್ತೆಯ ಎರಡೂ ಕಡೆ ಕಪ್ಪು ಎರೆ ಭೂಮಿ, ಅದರ ಮೇಲೆ ಆಳೆತ್ತರದ ಬಿಳಿಜೋಳ, ಅದರ ಕಾಲಬುಡದಲ್ಲಿ ಮಂಜು. ನಡುನಡುವೆ ಕಟಾವು ಮುಗಿಸಿದ ತೊಗರಿ ಹೊಲ. ಕಾಯಿ ಬಡಿದು ಬಿಟ್ಟ ಕಟ್ಟಿಗೆಯ ರಾಶಿ, ರಾಶಿಯ ಮೇಲೆ ಕುಳಿತ ಕಾಗೆ. ಈ ನೆಲದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಇಲ್ಲಿಯ ಬೇಳೆ ಬೇಗ ಬೇಯುತ್ತದೆ, ಬೆಂದರೆ ಬೇರೆಯೇ ಪರಿಮಳ ಎಂಬುದು ನಮ್ಮ ಕಡೆಯ ಅಜ್ಜಿಯಂದಿರಿಗೆ ಅದಕ್ಕಿಂತ ಬಹಳ ಮೊದಲೇ ಗೊತ್ತಿತ್ತು.

ಧಾರವಾಡದಿಂದ ಹೊರಟವರು ನಾನು ಮತ್ತು ಆರನೇ ತರಗತಿಯ ನನ್ನ ಮೊಮ್ಮಗಳು. ಶಾಲೆಗೆ ರಜೆ ಚೀಟಿಯನ್ನು ನಾನೇ ಬರೆದೆ. ಮೂವತ್ತೈದು ವರ್ಷ ಮಕ್ಕಳ ರಜೆ ಚೀಟಿ ಓದಿದ ಮಾಸ್ತರನಿಗೆ ಒಂದು ಚೀಟಿ ಬರೆಯುವ ಅಧಿಕಾರವಾದರೂ ಇರಬೇಕಲ್ಲ! ನನ್ನ ಜೊತೆ ಕೆಲಸ ಮಾಡಿದ್ದ ಗೆಳೆಯನೊಬ್ಬ ನಿವೃತ್ತನಾಗಿ ತನ್ನ ಊರು ನಿಂಬರ್ಗಾಕ್ಕೆ ಹೋಗಿ ನೆಲೆಸಿದ್ದಾನೆ. ‘ಸೀತನಿ ಕಾಲ ಬಂದದ, ಬಾ’ ಎಂದು ಪ್ರತಿ ವರ್ಷ ಕರೆಯುತ್ತಾನೆ. ಸೀತನಿ ಎಂದರೆ ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಉದುರಿಸಿದ ಕಾಳು. ಅದಕ್ಕೆ ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ ಸೇರಬೇಕು. ಪಟ್ಟಣದ ಮಕ್ಕಳೇ, ಇದನ್ನು ಓದಿ ತಿಳಿಯಲಾಗುವುದಿಲ್ಲ, ಹೊಲಕ್ಕೇ ಹೋಗಬೇಕು.

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ದಾಟಿ, ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದ ತಲುಪಿ, ಅಲ್ಲಿ ಬಸ್ಸು ಬದಲಿಸಿದೆವು. ನಿಂಬರ್ಗಾ ಆಳಂದ ತಾಲ್ಲೂಕಿನ ಹೋಬಳಿ ಊರು. ಮಹಾರಾಷ್ಟ್ರದ ಗಡಿ ದೂರವೇನಲ್ಲ, ಆದ್ದರಿಂದ ಇಲ್ಲಿಯ ಮಾತಿನಲ್ಲಿ ಕನ್ನಡದ ರೊಟ್ಟಿಗೆ ಮರಾಠಿಯ ಬೆಣ್ಣೆಯೂ ಉರ್ದುವಿನ ಉಪ್ಪೂ ಬಿದ್ದಿರುತ್ತವೆ. ಆಸ್ಪತ್ರೆ ಇಲ್ಲಿ ‘ದವಾಖಾನಿ’, ಅಜ್ಜ ‘ಮುತ್ಯಾ’, ಅಜ್ಜಿ ‘ಆಯಿ’. ಆಳಂದ ಸೀಮೆಯ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಹೊಳೆ ಇದ್ದರೂ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಹೀಗಾಗಿ ತೊಗರಿ ರಾಶಿ ಮುಗಿದು, ಎಳ್ಳಮಾಸಿಯ ಚರಗ ಚೆಲ್ಲಿ, ಭಜ್ಜಿ ಕಡುಬು ಉಂಡ ಮೇಲೆ ಈ ಕಡೆಯ ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ದುಡಿಯಲು ಜನ ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿಗೆ ಹೋಗುತ್ತಾರೆ. ಮುಂಗಾರಿನ ಹೊತ್ತಿಗೆ ಮರಳಿ ಬರುತ್ತಾರೆ.

ಗೆಳೆಯನ ಪಕ್ಕದ ಮನೆಯಲ್ಲಿ ಅಂಥದೇ ಒಂದು ಹೊರಡುವ ತಯಾರಿ ನಡೆದಿತ್ತು. ಜೋಳದ ಹಿಟ್ಟಿನ ಚೀಲ, ಕಟ್ಟಿದ ಹಾಸಿಗೆ, ಒಂದು ಸ್ಟೀಲ್ ಕೊಡ, ಅದರೊಳಗೆ ಖಾರದ ಡಬ್ಬಿ. ಗಂಡ ಹೆಂಡತಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಜೊತೆಗೆ ಅವರ ಹೆಣ್ಣುಕೂಸು. ತಲೆಗೆ ಕೆಂಪು ಕುಂಚಿಗಿ, ಕಾಲಿಗೆ ಕರಿದಾರ, ಮುಂದೆ ಎರಡೇ ಹಲ್ಲು. ನನ್ನ ಮೊಮ್ಮಗಳು ಬಂದ ಐದು ನಿಮಿಷದಲ್ಲೇ ಆ ಕೂಸನ್ನು ಎತ್ತಿಕೊಂಡವಳು ಸೀತನಿಯನ್ನೂ ಮರೆತಳು. ಅವರ ಟೆಂಪೋ ಬುಧವಾರ ರಾತ್ರಿಗೆ. ನಾವು ಹೋದದ್ದು ಸೋಮವಾರ.

ಮಂಗಳವಾರ ಮುಂಜಾನೆ ಆಶಾ ಕಾರ್ಯಕರ್ತೆ ಬಂದರು. ಗುಲಾಬಿ ಸೀರೆ, ಕೈಯಲ್ಲಿ ಒಂದು ಉದ್ದನೆಯ ವಹಿ. ಅಂಗಳದಲ್ಲಿ ನಿಂತೇ ಹೇಳಿದರು: ‘ನಿಮ್ಮ ಕೂಸಿಗಿ ಇವತ್ತ ಒಂಬತ್ತು ತಿಂಗಳು ತುಂಬ್ಯಾವ. ಗುರುವಾರ ಅಂಗನವಾಡಿಗಿ ಕರಕೊಂಡ ಬರ್ರಿ.’

ಮನೆಯ ಆಯಿ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು. ‘ಗುರುವಾರ ಎಲ್ಲಿ ಬರ್ತದ ಕೂಸು? ಬುಧವಾರ ರಾತ್ರಿ ಹೊಂಟಾರ. ಎರಡು ಸಲ ಹಾಕ್ಸೀವಿ, ಸಾಕಲ್ಲ? ಒಂದೇ ದಿನ ಮೂರು ಮೂರು ಸೂಜಿ ಚುಚ್ಚಿದ್ರ ಇಷ್ಟು ಸಣ್ಣ ಜೀವ ತಡೀತದೇನು?’

ಈ ಪ್ರಶ್ನೆಯನ್ನು ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿರುತ್ತಾರೆ. ನಮ್ಮ ಕಾಲದ ಲೆಕ್ಕ ಬೇರೆ ಇತ್ತು. ಹುಟ್ಟಿದಾಗ ಒಂದು, ಆಮೇಲೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಸೇರಿ ಒಂದು, ಪೋಲಿಯೊ ಹನಿ, ದಡಾರಕ್ಕೊಂದು, ಮುಗಿಯಿತು. ಈಗ ತಾಯಿ ಕಾರ್ಡು ಬಿಚ್ಚಿದರೆ ಸಾಲುಸಾಲು ಹೆಸರು. ಅದರಲ್ಲಿ ಹೊಸದಾಗಿ ಸೇರಿದ್ದೊಂದು ಪಿ.ಸಿ.ವಿ. ಆಶಾ ಕಾರ್ಯಕರ್ತೆ ಆಯಿಗೆ ಅದನ್ನೇ ತೋರಿಸಿ, ‘ಇದು ಎದಿ ಬ್ಯಾನಿಗಿ, ನಿಮೋನಿಯಾಕ್ಕ. ಒಂದೂವರಿ ತಿಂಗಳಿಗೊಂದು, ಮೂರೂವರಿ ತಿಂಗಳಿಗೊಂದು ಬಿದ್ದಾವ. ಒಂಬತ್ತಕ್ಕ ಮೂರನೇದು ಬೀಳಬೇಕು’ ಎಂದರು.

ನಿಮೋನಿಯಾ ಎಂಬ ಹೆಸರು ಆಯಿಗೆ ಏನೂ ಅನ್ನಿಸಲಿಲ್ಲ. ‘ಅದಂದ್ರ ಏನು?’

‘ಪಕ್ಕಿ ಸೆಳೀತದಲ್ಲ ಆಯಿ, ಕೂಸು ಉಸರು ಎಳದಾಗ ಎದಿ ಒಳಗ ಗುಳಿ ಬೀಳ್ತದಲ್ಲ, ಅದು.’

ಆಯಿಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಕರಕಲಾಗುವವರೆಗೂ ಆಕೆ ಮಾತಾಡಲಿಲ್ಲ.

ಮಧ್ಯಾಹ್ನ ನಾವೆಲ್ಲ ಕಟ್ಟೆಯ ಮೇಲೆ ಕೂತಾಗ ತಾನಾಗಿಯೇ ಹೇಳಿದಳು. ಆಕೆಯ ಎರಡನೆಯ ಮಗ ಹತ್ತು ತಿಂಗಳವನಿದ್ದಾಗ ಇಂಥದೇ ಚಳಿಗಾಲದಲ್ಲಿ ನೆಗಡಿ ಬಂತು. ನೆಗಡಿಯಲ್ಲವೇ ಎಂದು ಬಜೆ ತೇಯ್ದು ನೆಕ್ಕಿಸಿದರು. ಮರುದಿನ ಜ್ವರ. ಮೂರನೆಯ ದಿನ ಕೂಸು ಮೊಲೆ ಬಿಟ್ಟಿತು, ಉಸಿರು ಓಡತೊಡಗಿತು, ಪಕ್ಕೆ ಸೆಳೆಯತೊಡಗಿತು. ಹಿರಿಯರು ಹೇಳಿದಂತೆ ಹೊಟ್ಟೆಯ ಮೇಲೆ ಬರೆ ಹಾಕಿಸಿದರು. ದವಾಖಾನೆಗೆ ಒಯ್ಯಲು ಗಾಡಿ ಕಟ್ಟಿದ್ದು ನಾಲ್ಕನೆಯ ದಿನ. ‘ಹಳ್ಳ ದಾಟಿರಲಿಲ್ಲರಿ’ ಎಂದಳು ಆಯಿ. ಅಷ್ಟೇ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು.

ಈ ಊರಿನ, ಆ ಊರಿನ ಮಾತಲ್ಲ ಇದು. ಹಳೆಯ ಕಾಲದ ಯಾವ ಅಜ್ಜಿಯನ್ನು ಕೇಳಿದರೂ ಹೆತ್ತ ಮಕ್ಕಳ ಲೆಕ್ಕಕ್ಕೂ ಉಳಿದ ಮಕ್ಕಳ ಲೆಕ್ಕಕ್ಕೂ ವ್ಯತ್ಯಾಸ ಇರುತ್ತಿತ್ತು. ಈಗಲೂ ಲೋಕದಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಒಯ್ಯುವ ಸೋಂಕುಗಳಲ್ಲಿ ನಿಮೋನಿಯಾ ಬಹಳ ದೊಡ್ಡದು. 2019ರ ಒಂದೇ ವರ್ಷದಲ್ಲಿ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಅದಕ್ಕೆ ಬಲಿಯಾದರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ.

ರಾತ್ರಿ ಗೆಳೆಯನ ಮನೆಯಲ್ಲಿ ಮೊಮ್ಮಗಳು ಪ್ರಶ್ನೆ ಹಾಕಿದಳು. ‘ಅಜ್ಜ, ಎರಡು ಸಲ ಹಾಕಿಸಿದ ಮೇಲೆ ಮೂರನೇದು ಯಾಕೆ ಬೇಕು? ಮತ್ತೆ, ಸೂಜಿಯೊಳಗೆ ಏನಿರುತ್ತದೆ?’ ವಿಜ್ಞಾನದ ಮಾಸ್ತರನಾಗಿದ್ದವನಿಗೆ ಇದಕ್ಕಿಂತ ಒಳ್ಳೆಯ ಊಟ ಬೇಡ. ಗೆಳೆಯ ಹೊದಿಕೆ ಹೊದ್ದು ಗೋಡೆಗೆ ಒರಗಿದ. ಅವನು ಸಮಾಜ ವಿಜ್ಞಾನದ ಮಾಸ್ತರ, ಆದ್ದರಿಂದ ಬೇಗ ನಿದ್ದೆ ಬಂತು.

ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೆರಡು ಮಣಿ ಜೋಡಿಸಿದ ಹಾಗೆ ಕಾಣುತ್ತದೆ. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್, ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಕಂಡರು. ಇದರ ತಂಟೆಯೆಂದರೆ, ಆರೋಗ್ಯವಾಗಿ ಓಡಾಡುವ ಎಷ್ಟೋ ಮಕ್ಕಳ ಮೂಗಿನಲ್ಲೇ ಇದು ಸುಮ್ಮನೆ ಬಾಡಿಗೆಗೆ ಇರುತ್ತದೆ. ಕೆಮ್ಮಿದಾಗ, ಸೀನಿದಾಗ ಇನ್ನೊಬ್ಬರ ಮೂಗಿಗೆ ಹಾರುತ್ತದೆ. ಸಮಯ ಸಿಕ್ಕರೆ ಕಿವಿಗೆ ಇಳಿಯುತ್ತದೆ, ಆಗ ಕಿವಿ ಸೋರುತ್ತದೆ. ಪುಪ್ಪುಸಕ್ಕೆ ಇಳಿದರೆ ನಿಮೋನಿಯಾ. ರಕ್ತಕ್ಕೆ ಸೇರಿದರೆ ಇನ್ನೂ ಕಷ್ಟ. ಮಿದುಳಿನ ಪೊರೆಗೆ ಹೋದರೆ ಬದುಕಿ ಉಳಿದ ಮಗುವಿಗೂ ಕಿವುಡುತನ, ಮೂರ್ಛೆ ಅಂಟಿಕೊಳ್ಳಬಹುದು. ಎರಡು ವರ್ಷದೊಳಗಿನ ಕೂಸುಗಳಿಗೂ ವಯಸ್ಸಾದ ಅಜ್ಜ-ಅಜ್ಜಿಯರಿಗೂ ಇದರ ಕಾಟ ಹೆಚ್ಚು.

ಈ ಬ್ಯಾಕ್ಟೀರಿಯಾದ ಜೀವವೆಲ್ಲ ಅದರ ಕೋಟಿನಲ್ಲಿದೆ. ಮೈಮೇಲೆ ಒಂದು ಜಾರುವ ಹೊದಿಕೆ. ಅದು ಸಕ್ಕರೆಯ ಜಾತಿಗೆ ಸೇರಿದ್ದು. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಸಕ್ಕರೆಯ ಕಣಗಳು ಸರಪಳಿಯಂತೆ ಉದ್ದಕ್ಕೆ ಹೆಣೆದುಕೊಂಡದ್ದು. ನಮ್ಮ ದೇಹದ ಕಾವಲುಗಾರ ಕಣಗಳು ಹಿಡಿಯಲು ಹೋದರೆ ಆ ಕೋಟು ಎಣ್ಣೆ ಹಚ್ಚಿಕೊಂಡ ಪೈಲ್ವಾನನ ಹಾಗೆ ಕೈಯಿಂದ ಜಾರುತ್ತದೆ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಎಂಬವರು ಇಲಿಗಳ ಮೇಲೆ ಪ್ರಯೋಗ ಮಾಡಿ, ಕೋಟಿಲ್ಲದ ಬ್ಯಾಕ್ಟೀರಿಯಾ ಇಲಿಯನ್ನು ಕೊಲ್ಲಲಾರದು, ಆದರೆ ಸತ್ತುಹೋದ ಕೋಟಿನ ಬ್ಯಾಕ್ಟೀರಿಯಾದ ಜೊತೆ ಬೆರೆಸಿದರೆ ಅದೂ ಕೋಟು ತೊಡುವುದನ್ನು ಕಲಿತುಬಿಡುತ್ತದೆ ಎಂದು ಕಂಡುಕೊಂಡರು. ಸತ್ತದ್ದು ಬದುಕಿದ್ದಕ್ಕೆ ಕಲಿಸಿದ್ದು ಹೇಗೆ? ಆ ಒಗಟು ಬಿಡಿಸುತ್ತ ಹೋಗಿ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು 1944ರಲ್ಲಿ ವಂಶಗುಣ ಹೊತ್ತು ಸಾಗುವ ವಸ್ತು ಡಿ.ಎನ್‌.ಎ. ಎಂದು ತೋರಿಸಿದರು. ನೀವು ಹತ್ತನೇ ತರಗತಿಗೆ ಹೋದಾಗ ಡಿ.ಎನ್‌.ಎ. ಪಾಠ ಬರುತ್ತದೆ. ಆಗ ಈ ಕೋಟನ್ನು ನೆನೆಸಿಕೊಳ್ಳಿ.

‘ಕೋಟಿನ ತುಂಡನ್ನೇ ಸೂಜಿಯಲ್ಲಿ ಕೊಟ್ಟರೆ ದೇಹ ಗುರುತು ಹಿಡಿಯುವುದಿಲ್ಲವಾ?’ ಎಂದಳು. ಜಾಣ ಪ್ರಶ್ನೆ. ದೊಡ್ಡವರ ದೇಹ ಹಿಡಿಯುತ್ತದೆ. ಆದರೆ ಎರಡು ವರ್ಷದೊಳಗಿನ ಕೂಸಿನ ಕಾವಲುಗಾರರಿಗೆ ಸಕ್ಕರೆಯ ಕೋಟು ಶತ್ರುವಿನದೆಂದು ಸರಿಯಾಗಿ ತಿಳಿಯುವುದಿಲ್ಲ. ಬಾಯಿಗೆ ಬೆಲ್ಲ ಇಟ್ಟರೆ ಚಪ್ಪರಿಸುವ ಕೂಸು, ಮೈಯೊಳಗೆ ಬಂದ ಸಕ್ಕರೆಯನ್ನು ಕಂಡೂ ಕಾಣದಂತೆ ಇದ್ದುಬಿಡುತ್ತದೆ! ರೋಗ ಹೆಚ್ಚು ಕಾಡುವುದೂ ಅದೇ ವಯಸ್ಸಿನಲ್ಲಿ.

ಅದಕ್ಕೆ ಹೂಡಿದ ಉಪಾಯ ನಮ್ಮ ಅಜ್ಜಿಯಂದಿರ ಉಪಾಯದ ತಿರುಗುಮುರುಗು. ಅವರು ಕಹಿ ಗುಳಿಗೆಯನ್ನು ಬೆಲ್ಲದೊಳಗೆ ಅಡಗಿಸಿ ನುಂಗಿಸುತ್ತಿದ್ದರು. ವಿಜ್ಞಾನಿಗಳು ಸಿಹಿಯನ್ನು ಕಹಿಯ ಬೆನ್ನಿಗೆ ಕಟ್ಟಿದರು. ಅಂದರೆ, ಕೂಸಿನ ದೇಹ ಚೆನ್ನಾಗಿ ಗುರುತಿಸಬಲ್ಲ ಒಂದು ಪ್ರೋಟೀನಿಗೆ ಆ ಸಕ್ಕರೆಯ ತುಂಡನ್ನು ಜೋಡಿಸಿದರು. ಪ್ರೋಟೀನನ್ನು ಕಂಡು ಕಾವಲುಗಾರರು ಎಚ್ಚರಾಗುತ್ತಾರೆ, ಅದರ ಜೊತೆಗಿದ್ದ ಸಕ್ಕರೆಯ ಗುರುತನ್ನೂ ನೆನಪಿಟ್ಟುಕೊಳ್ಳುತ್ತಾರೆ. ಏವರಿ ಮತ್ತು ಗೋಬೆಲ್ 1929ರಲ್ಲೇ ಮೊಲಗಳಲ್ಲಿ ಇಂಥ ಜೋಡಣೆ ಕೆಲಸ ಮಾಡುತ್ತದೆಂದು ತೋರಿಸಿದ್ದರು. ಮಕ್ಕಳಿಗೆ ನ್ಯುಮೊಕಾಕಸ್‌ನ ಈ ಬಗೆಯ ಲಸಿಕೆ ಅಮೆರಿಕದಲ್ಲಿ ಬಂದದ್ದು 2000ದಲ್ಲಿ. ನಡುವೆ ಎಪ್ಪತ್ತು ವರ್ಷ. ಕೋಟುಗಳಲ್ಲಿ ಸುಮಾರು ನೂರು ಬಗೆ ಇರುವುದರಿಂದ ಯಾವುದನ್ನು ಆರಿಸಬೇಕು ಎಂಬುದೂ ಸುಲಭದ ಕೆಲಸವಾಗಿರಲಿಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ನ್ಯುಮೊಸಿಲ್’ ಲಸಿಕೆಯಲ್ಲಿ ಹೆಚ್ಚು ಕಾಟ ಕೊಡುವ ಹತ್ತು ಬಗೆಯ ಕೋಟುಗಳ ತುಂಡುಗಳಿವೆ. ಅವನ್ನು ಕಟ್ಟಿರುವ ಪ್ರೋಟೀನು ಯಾವುದು ಗೊತ್ತೇ? ಗಂಟಲಮಾರಿಯ ವಿಷದ ಹಲ್ಲು ಕಿತ್ತ ರೂಪ. ನಮ್ಮ ಹಿರಿಯರು ಹೆಸರು ಕೇಳಿಯೇ ನಡುಗುತ್ತಿದ್ದ ಗಂಟಲಮಾರಿ ಈಗ ಇನ್ನೊಂದು ರೋಗದ ಗುರುತನ್ನು ಬೆನ್ನ ಮೇಲೆ ಹೊತ್ತು ಮನೆಮನೆಗೆ ಬರುತ್ತದೆ. ಜೀವಂತ ಬ್ಯಾಕ್ಟೀರಿಯಾ ಈ ಲಸಿಕೆಯಲ್ಲಿ ಇರುವುದಿಲ್ಲ.

ಮೂರನೆಯದು ಯಾಕೆಂದರೆ, ಮೊದಲ ಎರಡು ಡೋಸು ಪಾಠ ಹೇಳಿದಂತೆ. ಒಂಬತ್ತು ತಿಂಗಳಿನದು ಪುನರಾವರ್ತನೆ. ಆ ಹೊತ್ತಿಗೆ ತಾಯಿಯಿಂದ ಬಂದ ರಕ್ಷಣೆ ಕರಗಿರುತ್ತದೆ, ಕೂಸು ಅಂಬೆಗಾಲಿಟ್ಟು ಹತ್ತು ಮಕ್ಕಳ ನಡುವೆ ಹೋಗುತ್ತದೆ. ಪುನರಾವರ್ತನೆ ಮಾಡದೆ ಪರೀಕ್ಷೆಗೆ ಕೂತವರ ಕಥೆ ನನ್ನ ಮೊಮ್ಮಗಳಿಗೆ ಚೆನ್ನಾಗಿ ಗೊತ್ತು, ಅದನ್ನು ಇಲ್ಲಿ ಬರೆಯಕೂಡದೆಂದು ಆಕೆ ಹೇಳಿದ್ದಾಳೆ.

ಬುಧವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮತ್ತೆ ಬಂದರು. ಈ ಸಲ ಮಾತಿಗಿಂತ ಮೊದಲು ಕೂಸಿನ ಅಂಗಿ ಎತ್ತಿ, ಮಲಗಿದ್ದ ಕೂಸಿನ ಹೊಟ್ಟೆ ಏರಿಳಿಯುವುದನ್ನು ಎಣಿಸುವುದು ಹೇಗೆಂದು ನನ್ನ ಮೊಮ್ಮಗಳಿಗೆ ತೋರಿಸಿದರು. ಕೂಸು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ಉಸಿರು ಓಡುತ್ತಿದೆ ಎಂದು ಅರ್ಥ. ಕೆಮ್ಮು ನೆಗಡಿಯ ಜೊತೆ ಹೀಗಾದರೆ ಆ ದಿನವೇ ದವಾಖಾನೆಗೆ ಹೋಗಬೇಕು. ಪಕ್ಕೆ ಸೆಳೆದರೆ, ಕೂಸು ಮೊಲೆ ಬಿಟ್ಟರೆ, ಮಂಕಾದರೆ ಆ ಗಳಿಗೆಯೇ. ಬರೆ ಹಾಕುವುದಂತೂ ಕೂಡದು. ಸುಟ್ಟ ಗಾಯದ ನೋವು ಸೇರುತ್ತದೆಯೇ ಹೊರತು ಪುಪ್ಪುಸಕ್ಕೆ ಏನೂ ಮುಟ್ಟುವುದಿಲ್ಲ. ಲಸಿಕೆ ಹಾಕಿಸಿದ ಕೂಸಿಗೂ ಈ ಎಣಿಕೆ ಬೇಕೇ ಬೇಕು, ಏಕೆಂದರೆ ನಿಮೋನಿಯಾ ತರುವ ಬ್ಯಾಕ್ಟೀರಿಯಾ, ವೈರಸ್‌ಗಳು ಬೇರೆಯೂ ಇವೆ. ಪಿ.ಸಿ.ವಿ. ಅವುಗಳಲ್ಲಿ ಬಲು ದುಷ್ಟನಾದ ಒಬ್ಬನನ್ನು ತಡೆಯುತ್ತದೆ, ಎಲ್ಲರನ್ನೂ ಅಲ್ಲ.

‘ಮೂವತ್ತನಾಲ್ಕು!’ ಎಂದು ಮೊಮ್ಮಗಳು ಕೂಗಿದಳು. ಕೂಸು ಬೆಚ್ಚಿ ಎದ್ದು ಅಳತೊಡಗಿತು. ಲೆಕ್ಕ ಅಲ್ಲಿಗೆ ನಿಂತಿತು.

ಆಮೇಲೆ ಶುರುವಾಯಿತು ಅಸಲಿ ಮಾತು. ಟೆಂಪೋದಲ್ಲಿ ಹೋದರೆ ಬಾಡಿಗೆ ಗುತ್ತಿಗೆದಾರನದು. ಬಿಟ್ಟರೆ ಬಸ್ಸಿನ ಖರ್ಚು ಕೈಯಿಂದ. ಒಂದೆರಡು ದಿನದ ಕೂಲಿಯೂ ಹೋಗುತ್ತದೆ. ಕೂಸಿನ ತಂದೆ ಏನೂ ಹೇಳಲಾರದೆ ಚೀಲದ ಬಾಯಿ ಬಿಗಿಯುತ್ತ ಕೂತಿದ್ದ. ಇಂಥ ಕಡೆ ‘ಜನರಿಗೆ ತಿಳಿವಳಿಕೆ ಇಲ್ಲ’ ಎಂದು ದೂರದಿಂದ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅವನಿಗೆ ತಿಳಿದಿತ್ತು, ಕೂಲಿಯ ಲೆಕ್ಕವೂ ತಿಳಿದಿತ್ತು.

ಆಶಾ ಕಾರ್ಯಕರ್ತೆ ಹೆದರಿಸಲಿಲ್ಲ, ಬೈಯಲಿಲ್ಲ. ‘ಹೋಗೂದೇ ಇದ್ರ ಹೋಗ್ರಿ. ಆದ್ರ ಈ ಕಾರ್ಡ್ ತಗೊಂಡು ಪುಣೆದಾಗ ಯಾವ ಸರಕಾರಿ ದವಾಖಾನಿಗೆ ಹೋದ್ರೂ ಹಾಕ್ತಾರ. ಅಲ್ಲೂ ಇದೇ ಸೂಜಿ, ಅಲ್ಲೂ ರೊಕ್ಕ ಇಲ್ಲ. ಕನ್ನಡ ಬರದಿದ್ರೂ ಕಾರ್ಡ್ ಮಾತಾಡ್ತದ’ ಎಂದರು. ಆ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ದುಡಿಯಲು ಊರು ಬಿಡುವವರ ಗಂಟಿನಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡುಗಳ ಜೊತೆ ತಾಯಿ ಕಾರ್ಡೂ ಇರಬೇಕು. ದಿನ ತಪ್ಪಿದ್ದರೂ ಅದನ್ನು ಹಿಡಿದು ಹೋಗಿ ಕೇಳಬೇಕು. ತಡವಾಯಿತೆಂದು ಸುಮ್ಮನಿರಬಾರದು.

ತಂದೆ ಹೆಂಡತಿಯ ಮುಖ ನೋಡಿದ. ಹೆಂಡತಿ ಅತ್ತೆಯ ಮುಖ ನೋಡಿದಳು. ಆಯಿ ಎದ್ದು ಒಳಗೆ ಹೋಗಿ ಬಂದಳು. ಸೆರಗಿನ ಗಂಟು ಬಿಚ್ಚಿ ಮಡಿಚಿದ ನೋಟುಗಳನ್ನು ಸೊಸೆಯ ಕೈಗಿಟ್ಟು, ‘ಅವ ಹೋಗಲಿ ಇವತ್ತ. ನೀನು ಕೂಸು ಶುಕ್ರವಾರ ಸೊಲ್ಲಾಪುರ ಮ್ಯಾಲ ಬಸ್ಸಿಗಿ ಹೋಗ್ರಿ. ನಾ ಹಳ್ಳದ ತನ ಬರ್ತೀನಿ’ ಎಂದಳು.

ರಾತ್ರಿ ಟೆಂಪೋ ಹೋಯಿತು. ಗುರುವಾರ ಬೆಳಗಾಯಿತು.

ಅಂಗನವಾಡಿಯ ಮುಂದೆ ಹತ್ತು ಹನ್ನೆರಡು ತಾಯಂದಿರು, ಅವರಿಗಿಂತ ಹೆಚ್ಚು ಆಯಿಯರು. ಮೇಜಿನ ಮೇಲೆ ನೀಲಿ ಪೆಟ್ಟಿಗೆ. ನನ್ನ ಮೊಮ್ಮಗಳ ಕಣ್ಣೆಲ್ಲ ಅದರ ಮೇಲೆ. ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು. ಬೇಸಿಗೆಯಲ್ಲಿ 43-44 ಡಿಗ್ರಿ ಮುಟ್ಟುವ ಕಲಬುರಗಿ ಸೀಮೆಯಲ್ಲಿ ಇದು ಹುಡುಗಾಟವಲ್ಲ. ರಾಜ್ಯದ ಉಗ್ರಾಣ, ಜಿಲ್ಲೆಯ ಉಗ್ರಾಣ, ದವಾಖಾನೆಯ ಮಂಜುಗಡ್ಡೆ ಫ್ರಿಜ್, ಕೊನೆಗೆ ಈ ಪೆಟ್ಟಿಗೆ, ಹೀಗೆ ಎಲ್ಲೂ ತಂಪಿನ ದಾರ ಹರಿಯಕೂಡದು. ಹಾಗೆಂದು ಹೆಪ್ಪುಗಟ್ಟಲೂಬಾರದು, ಗಟ್ಟಿದರೆ ಪಿ.ಸಿ.ವಿ. ಕೆಡುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿನ ಮಂಜುಗಡ್ಡೆಯ ನಾಲ್ಕು ಪ್ಯಾಕುಗಳನ್ನು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಸ್ವಲ್ಪ ನೀರು ‘ಗಳಗಳ’ ಎಂದ ಮೇಲಷ್ಟೇ ತುಂಬುತ್ತಾರೆ. ನರ್ಸಮ್ಮ ಒಂದು ಪ್ಯಾಕನ್ನು ಮೊಮ್ಮಗಳ ಕಿವಿಗೆ ಹಿಡಿದು ಕೇಳಿಸಿದರು. ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಅದು ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಸೀಸೆ ಕಸಕ್ಕೆ. ಈ ದಿನದ ಚೌಕ ಬೆಳ್ಳಗಿತ್ತು.

ಸೀಸೆಯ ಮೇಲೆ ಊರಿನ ಹೆಸರು ಓದಿ ಮೊಮ್ಮಗಳು ‘ಅಜ್ಜ, ಪುಣೆ!’ ಎಂದಳು. ಕೂಸು ಹೋಗುವ ಊರಿನಿಂದಲೇ ಲಸಿಕೆ ಬಂದಿತ್ತು. ಸೈರಸ್ ಪೂನಾವಾಲಾ 1966ರಲ್ಲಿ ಆ ಸಂಸ್ಥೆ ತೆಗೆದರು. ಅವರ ಮನೆತನದ್ದು ರೇಸಿನ ಕುದುರೆ ಸಾಕುವ ಕಸುಬು. ಓಟದಿಂದ ನಿವೃತ್ತವಾದ ಕುದುರೆಗಳು ಮುಂಬೈಯ ಹಾಫ್ಕಿನ್ ಸಂಸ್ಥೆಗೆ ಹೋಗುತ್ತಿದ್ದವು, ಅಲ್ಲಿ ಅವುಗಳ ರಕ್ತದಿಂದ ಔಷಧದ ಸೀರಮ್ ತಯಾರಾಗುತ್ತಿತ್ತು. ಆ ಕೆಲಸವನ್ನು ನಾವೇ ಯಾಕೆ ಮಾಡಬಾರದು ಎಂಬ ಯೋಚನೆಯಿಂದ ಹುಟ್ಟಿದ ಕಾರ್ಖಾನೆ ಅದು. ನ್ಯುಮೊಸಿಲ್ ಅಲ್ಲಿಂದ 2020ರ ಡಿಸೆಂಬರ್ ಕೊನೆಯಲ್ಲಿ ಹೊರಬಂತು. ಅದಕ್ಕೂ ಮೊದಲು, 2017ರ ಮೇ ತಿಂಗಳಲ್ಲಿ, ಸರ್ಕಾರ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಹೊರಗಿನಿಂದ ತರಿಸಿದ ಪಿ.ಸಿ.ವಿ. ಹಾಕಲು ಶುರುಮಾಡಿತ್ತು. ದೇಶದ ಎಲ್ಲ ಮಕ್ಕಳಿಗೂ ಎಂದಾದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಅಲ್ಲಿಯವರೆಗೆ ಉಳಿದ ಬಹುಪಾಲು ಕಡೆಗಳಲ್ಲಿ ಖಾಸಗಿಯಲ್ಲಿ ಡೋಸಿಗೆ ಸಾವಿರಾರು ರೂಪಾಯಿ ಕೊಡಬಲ್ಲವರ ಮಕ್ಕಳಿಗಷ್ಟೇ ಇದು ಸಿಗುತ್ತಿತ್ತು. ಕಟ್ಟಡದ ಕೂಲಿಯಲ್ಲಿ ಅದನ್ನು ಕೊಡಿಸಲು ಎಷ್ಟು ದಿನ ಇಟ್ಟಿಗೆ ಹೊರಬೇಕಾಗುತ್ತಿತ್ತು, ಮಕ್ಕಳೇ, ಲೆಕ್ಕ ಹಾಕಿ ನೋಡಿ.

ನಮ್ಮ ಕೂಸಿನ ಸರದಿ ಬಂತು. ಬಲತೊಡೆಗೆ ಪಿ.ಸಿ.ವಿ., ಬಲತೋಳಿಗೆ ದಡಾರ-ರುಬೆಲ್ಲಾ, ಎಡತೋಳಿಗೆ ಪೋಲಿಯೊ, ಬಾಯಿಗೆ ವಿಟಮಿನ್ ಎ. ಮೊದಲ ಸೂಜಿಗೆ ಕೂಸು ಆಶ್ಚರ್ಯದಿಂದ ನೋಡಿತು. ಎರಡನೆಯದಕ್ಕೆ ಊರಿಗೆಲ್ಲ ಕೇಳುವಂತೆ ಅತ್ತಿತು. ಮೂರನೆಯದಕ್ಕೆ ಆಯಿಯೂ ಅತ್ತಳು. ಹಾಗೆ ನೋಡಿದರೆ ಒಂದೇ ದಿನ ಮೂರು ಸೂಜಿಯೆಂದರೆ ಕೂಸಿನ ದೇಹಕ್ಕೆ ದೊಡ್ಡ ಹೊರೆಯಲ್ಲ, ನೆಲದ ಮೇಲೆ ತೆವಳಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸು ದಿನವೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೂಕ್ಷ್ಮಾಣುಗಳನ್ನು ಎದುರಿಸುತ್ತದೆ. ಚುಚ್ಚಿದ ಜಾಗ ಕೆಂಪಾಗಬಹುದು, ಒಂದೆರಡು ದಿನ ಜ್ವರ ಬರಬಹುದು. ಅದಕ್ಕೆಂದೇ ಶುಕ್ರವಾರದ ಬಸ್ಸು ರಾತ್ರಿಯದಾಗಲಿ ಎಂದು ನರ್ಸಮ್ಮ ಹೇಳಿದರು. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕೆಂಬ ನಿಯಮವಿದೆ, ಕೂತೆವು.

ಆ ಅರ್ಧ ಗಂಟೆಯಲ್ಲಿ ಅಲ್ಲಿದ್ದ ಹಿರಿಯರಿಗೆ ನಾನೊಂದು ಮಾತು ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಈ ಲಸಿಕೆ ಪಡೆದ ಕೂಸಿನ ಮೂಗಿನಲ್ಲಿ ಆ ದುಷ್ಟ ಬಗೆಗಳು ಬಾಡಿಗೆಗೆ ಇರುವುದೂ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಮಕ್ಕಳಿಗೆ ಇದನ್ನು ಕೊಡಲು ಶುರುಮಾಡಿದ ಕೆಲವು ವರ್ಷಗಳಲ್ಲಿ, ಲಸಿಕೆಯನ್ನು ಮುಟ್ಟಿಯೂ ನೋಡದ ಮುದುಕರಲ್ಲೂ ಅದೇ ಬಗೆಗಳ ರೋಗ ಇಳಿಯಿತು. ಮೊಮ್ಮಕ್ಕಳ ಮುಖಕ್ಕೆ ಮುತ್ತು ಕೊಡುವವರು ಯಾರು ಹೇಳಿ? ಒಬ್ಬ ಮುತ್ಯಾ ನಕ್ಕು, ‘ಅಂದ್ರ ಕೂಸಿಗಿ ಚುಚ್ಚಿದ್ರ ನನಗ ಗುಣ!’ ಎಂದ. ಒಲೆಯ ಹೊಗೆಯಿಂದ ಕೂಸನ್ನು ದೂರ ಮಲಗಿಸಿ, ಮುತ್ಯಾನ ಬೀಡಿಯ ಹೊಗೆಯಿಂದಲೂ, ಎಂದು ನರ್ಸಮ್ಮ ಅಲ್ಲಿಂದಲೇ ಕೂಗಿದರು. ಮುತ್ಯಾ ಬೀಡಿಯ ಕಟ್ಟನ್ನು ಪಟಗದೊಳಗೆ ಸೇರಿಸಿದ.

ಕೂಸು ಅಳು ನಿಲ್ಲಿಸಿ ಮೊಮ್ಮಗಳ ಜಡೆ ಹಿಡಿದೆಳೆಯುತ್ತಿತ್ತು. ಆಯಿ ತಾಯಿ ಕಾರ್ಡನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಆ ಹೊಸ ತಾರೀಖಿನ ಮೇಲೆ ಬೆರಳಿಟ್ಟು ಎರಡು ಸಲ ನೋಡಿದಳು. ಆಮೇಲೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲೊಂದು ಬಟ್ಟೆ ಸುತ್ತಿ, ಸೊಸೆಗೆ ಕೊಡದೆ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶುಕ್ರವಾರ ಸಂಜೆ ಕೊಡುತ್ತಾಳಂತೆ.

ಮಧ್ಯಾಹ್ನದ ಹೊತ್ತಿಗೆ ಅಂಗಳ ಖಾಲಿಯಾಯಿತು. ನರ್ಸಮ್ಮ ಗಡಿಯಾರ ನೋಡಿದರು. ದಡಾರದ ಸೀಸೆ ಕಲಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಆಶಾ ಕಾರ್ಯಕರ್ತೆ ವಹಿಯ ಮೇಲೆ ಬೆರಳಾಡಿಸಿ, ‘ಇನ್ನೂ ಎರಡು ಕೂಸು ಬಂದಿಲ್ಲ. ಒಂದು ಹೊಲದ ಮನಿದು, ಇನ್ನೊಂದು ತವರುಮನಿಗಿ ಬಂದದ್ದು’ ಎಂದರು. ಚಪ್ಪಲಿ ಮೆಟ್ಟಿ ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಜೋಳದ ಹೊಲದ ನಡುವಿನ ಕಾಲುದಾರಿ ಹಿಡಿದರು. ನನ್ನ ಮೊಮ್ಮಗಳು ಕೇಳಿಯೂ ಕೇಳದೆ ಅವರ ಹಿಂದೆ ಓಡಿದಳು.